ಹೆಸರು, ಗಿಡ ಮತ್ತು ಮದ್ದು: ಕನ್ನಡ ವೈದ್ಯಗ್ರಂಥಗಳ ಸಸ್ಯನಾಮಗಳನ್ನು ಓದುವ ಬಗೆ

1

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಶಾಸ್ತ್ರಸಾಹಿತ್ಯಕ್ಕೆ ಮೀಸಲಾದ ಪುಟಗಳು ಕಡಮೆ. ಅವುಗಳಲ್ಲಿಯೂ ವೈದ್ಯಗ್ರಂಥಗಳಿಗೆ ದೊರೆಯುವುದು ಒಂದೆರಡು ಕಂಡಿಕೆಗಳು ಮಾತ್ರ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’, 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಅದೇ ಶತಮಾನಕ್ಕೆ ಸೇರಿದ ಚಾಳುಕ್ಯ ರಾಜಕುಮಾರ ಕೀರ್ತಿವರ್ಮನ ‘ಗೋವೈದ್ಯ’, 14ನೆಯ ಶತಮಾನದ ಮೊದಲನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’, 1500ರ ಸುಮಾರಿನ ಶ್ರೀಧರದೇವನ ‘ವೈದ್ಯಾಮೃತ’ ಎಂಬ ಹೆಸರುಗಳು ಒಂದರ ಹಿಂದೆ ಒಂದರಂತೆ ಬಂದು, ಕನ್ನಡದಲ್ಲಿ ವಿಜ್ಞಾನಸಾಹಿತ್ಯಕ್ಕೆ ದೀರ್ಘ ಪರಂಪರೆಯಿದೆ ಎಂಬ ಹೆಮ್ಮೆಯ ಮಾತಿನೊಂದಿಗೆ ಪ್ರಕರಣ ಮುಗಿಯುತ್ತದೆ. ಆರ್. ನರಸಿಂಹಾಚಾರ್ಯರು 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ ‘ಕರ್ಣಾಟಕ ಕವಿಚರಿತೆ’ ಈ ಕೃತಿಗಳ ಇರವನ್ನು ವಿದ್ವತ್ ಲೋಕಕ್ಕೆ ತಿಳಿಸಿಕೊಟ್ಟಿತು. ಅಲ್ಲಿಂದ ಮುಂದೆ ಸಾಗಬೇಕಾಗಿದ್ದ ಓದು ಬಹುಮಟ್ಟಿಗೆ ಅಲ್ಲಿಯೇ ನಿಂತಿದೆ.

ಓದು ನಿಂತುದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಸಾಹಿತ್ಯ ವಿಮರ್ಶೆಗೆ ಈ ಕೃತಿಗಳಲ್ಲಿ ರಸ ಸಾಲದು. ವೈದ್ಯವಿದ್ಯೆಗೆ ಇವುಗಳ ಹಳಗನ್ನಡ ದುರ್ಗಮ. ಸಸ್ಯವಿಜ್ಞಾನಕ್ಕೆ ಇವು ಪುರಾತನ ಪಠ್ಯಗಳು. ಹೀಗೆ ಮೂರು ಶಿಸ್ತುಗಳ ನಡುವಿನ ಗಡಿಯಲ್ಲಿ ಬಿದ್ದ ಕೃತಿಗಳು ಮೂವರಿಗೂ ಬೇಡವಾದವು. ಆದರೆ ಗಿಡಮೂಲಿಕೆಗಳ ಕುರಿತ ಆಸಕ್ತಿ ಕಳೆದ ಕೆಲವು ದಶಕಗಳಲ್ಲಿ ಹೆಚ್ಚಿದಂತೆಲ್ಲ ಈ ಗ್ರಂಥಗಳು ಬೇರೊಂದು ಬಗೆಯಲ್ಲಿ ಮುನ್ನೆಲೆಗೆ ಬಂದಿವೆ. ‘ಆಧುನಿಕ ವಿಜ್ಞಾನ ಇಂದು ಕಂಡುಕೊಂಡುದೆಲ್ಲವೂ ಪ್ರಾಚೀನರಿಗೆ ತಿಳಿದಿತ್ತು’ ಎಂಬ ವಾದಕ್ಕೆ ಅವು ಸಾಕ್ಷಿಗಳಾಗಿವೆ. ಇದಕ್ಕೆ ಎದುರಾಗಿ ‘ಇವೆಲ್ಲ ಪರೀಕ್ಷೆಗೆ ಒಳಪಡದ ನಂಬಿಕೆಗಳು’ ಎಂಬ ತಳ್ಳಿಹಾಕುವಿಕೆಯೂ ಇದೆ. ಈ ಎರಡೂ ನಿಲುವುಗಳು ಒಂದು ವಿಷಯದಲ್ಲಿ ಸಮಾನವಾಗಿವೆ. ಪಠ್ಯದಲ್ಲಿರುವ ಸಸ್ಯದ ಹೆಸರು ಯಾವ ಗಿಡವನ್ನು ಸೂಚಿಸುತ್ತದೆ ಎಂಬ ಪ್ರಶ್ನೆಯನ್ನು ಎರಡೂ ಕೇಳುವುದಿಲ್ಲ.

ಈ ಪ್ರಶ್ನೆಯೇ ಪ್ರಸ್ತುತ ಲೇಖನದ ಕೇಂದ್ರ. ಮೇಲುನೋಟಕ್ಕೆ ಇದು ಪದಕೋಶಕಾರರ ಸಣ್ಣ ತೊಡಕಾಗಿ ಕಾಣಬಹುದು. ಆದರೆ ಹೆಸರಿಗೂ ಗಿಡಕ್ಕೂ ಇರುವ ಸಂಬಂಧ ಸಡಿಲವಾದಾಗ ಮದ್ದು ವಿಷವಾಗುತ್ತದೆ ಎಂಬುದಕ್ಕೆ 20ನೆಯ ಶತಮಾನದಲ್ಲಿಯೇ ದಾರುಣ ನಿದರ್ಶನಗಳಿವೆ. ಹಾಗೆಯೇ ಹಳೆಯ ಪಠ್ಯವೊಂದನ್ನು ಎಚ್ಚರದಿಂದ ಓದಿದ್ದರಿಂದ ಅಸಂಖ್ಯ ಜೀವಗಳು ಉಳಿದ ನಿದರ್ಶನವೂ ಇದೆ. ಆದ್ದರಿಂದ ವೈದ್ಯಗ್ರಂಥಗಳ ಪಠ್ಯವಿಮರ್ಶೆ ಕೇವಲ ವಿದ್ವತ್ತಿನ ವ್ಯವಹಾರವಲ್ಲ.

2

ಕನ್ನಡ ವೈದ್ಯಗ್ರಂಥಗಳಲ್ಲಿ ಸಸ್ಯಕ್ಕೆ ದೊರೆತಿರುವ ಪ್ರಾಧಾನ್ಯಕ್ಕೆ ವಿಶಿಷ್ಟವಾದ ಹಿನ್ನೆಲೆಯಿದೆ. ಈ ಗ್ರಂಥಕರ್ತರಲ್ಲಿ ಹಲವರು ಜೈನರು. ಜೈನ ವೈದ್ಯಪರಂಪರೆ ಪೂಜ್ಯಪಾದರನ್ನು ತನ್ನ ಆಚಾರ್ಯನೆಂದು ಸ್ಮರಿಸುತ್ತದೆ. ರಾಷ್ಟ್ರಕೂಟರ ಕಾಲದವನೆಂದು ಭಾವಿಸಲಾಗಿರುವ ಉಗ್ರಾದಿತ್ಯನು ಸಂಸ್ಕೃತದ ತನ್ನ ‘ಕಲ್ಯಾಣಕಾರಕ’ದಲ್ಲಿ ಮಾಂಸವನ್ನು ಔಷಧವಾಗಿ ಬಳಸುವುದನ್ನು ವಾದಪೂರ್ವಕವಾಗಿ ನಿರಾಕರಿಸಿದ್ದಾನೆ. ಜಗದ್ದಳ ಸೋಮನಾಥನ ಕನ್ನಡ ಕೃತಿಯೂ ಮದ್ಯ, ಮಾಂಸ ಮತ್ತು ಮಧುಗಳನ್ನು ವರ್ಜಿಸಿದ ಚಿಕಿತ್ಸೆಯನ್ನು ಹೇಳುತ್ತದೆ. ಚರಕ ಸುಶ್ರುತರ ಸಂಹಿತೆಗಳಲ್ಲಿ ಪ್ರಾಣಿಜನ್ಯ ದ್ರವ್ಯಗಳಿಗೆ ಇರುವ ಸ್ಥಾನವನ್ನು ನೆನೆದರೆ ಈ ವರ್ಜನೆಯ ಪರಿಣಾಮ ಸ್ಪಷ್ಟವಾಗುತ್ತದೆ. ಧಾರ್ಮಿಕ ನಿಷೇಧವೊಂದು ವೈದ್ಯದ ಭಾರವನ್ನು ಗಿಡ, ಬೇರು, ತೊಗಟೆಗಳ ಕಡೆಗೆ ಹೊರಳಿಸಿತು. ಪ್ರಾಣಿಜನ್ಯ ದ್ರವ್ಯ ಬಿಟ್ಟ ಜಾಗವನ್ನು ತುಂಬಬೇಕಾದ ಸಸ್ಯವನ್ನು ತಪ್ಪಿಲ್ಲದೆ ಗುರುತಿಸುವ ಹೊಣೆಯೂ ಅಷ್ಟೇ ಹೆಚ್ಚಿತು.

ಈ ಹೊಣೆಯನ್ನು ಕವಿಗಳು ನಿರ್ವಹಿಸಿದ ಮಾಧ್ಯಮ ಪದ್ಯ. ಇಲ್ಲಿಯೇ ಮೊದಲ ತೊಡಕು ಎದುರಾಗುತ್ತದೆ. ಸಂಸ್ಕೃತ ವೈದ್ಯ ನಿಘಂಟುಗಳು ಒಂದೊಂದು ಸಸ್ಯಕ್ಕೂ ಹತ್ತಾರು ಪರ್ಯಾಯನಾಮಗಳನ್ನು ಕೊಡುತ್ತವೆ. ಇರುಳಿಗಿರುವ ನಿಶಾ, ರಜನೀ ಮುಂತಾದ ಹೆಸರುಗಳು ಅರಿಸಿನಕ್ಕೂ ಸಲ್ಲುತ್ತವೆ. ಮುಗಿಲಿನ ಹೆಸರುಗಳು ಕೊನ್ನಾರಿ ಗಡ್ಡೆಗೆ ಸಲ್ಲುತ್ತವೆ. ‘ಅಮೃತಾ’ ಎಂಬುದು ಅಮೃತಬಳ್ಳಿಯೂ ಹೌದು, ಅಳಲೆಯೂ ಹೌದು, ನೆಲ್ಲಿಯೂ ಹೌದು. ‘ಅತಿವಿಷ’ ಎಂಬ ಹೆಸರಿನ ಬೇರು ಹೆಸರಿಗೆ ತಕ್ಕಂತೆ ಮಾರಕವಲ್ಲ. ಕರುವಿನ ನಾಭಿಯನ್ನು ನೆನಪಿಸುವ ಸೌಮ್ಯವಾದ ಹೆಸರುಳ್ಳ ‘ವತ್ಸನಾಭ’ವೇ ಪ್ರಾಣಾಂತಿಕ ವಿಷ. ಕಂದ ಮತ್ತು ವೃತ್ತಗಳಲ್ಲಿ ಬರೆಯುವ ಕನ್ನಡ ಕವಿಗೆ ದ್ವಿತೀಯಾಕ್ಷರ ಪ್ರಾಸದ ನಿರ್ಬಂಧವೂ ಇದೆ. ಹೀಗಾಗಿ ಒಂದು ಪದ್ಯದಲ್ಲಿ ಯಾವ ಪರ್ಯಾಯನಾಮ ಬರುತ್ತದೆ ಎಂಬುದನ್ನು ಅನೇಕ ವೇಳೆ ವೈದ್ಯಕ್ಕಿಂತ ಛಂದಸ್ಸೇ ನಿರ್ಧರಿಸುತ್ತದೆ. ಹೆಸರು ಬದಲಾದ ಮಾತ್ರಕ್ಕೆ ಗಿಡ ಬದಲಾಯಿತೆಂದು ಭಾವಿಸುವುದು ಹೇಗೆ ತಪ್ಪೋ, ಹೆಸರು ಒಂದೇ ಆದ ಮಾತ್ರಕ್ಕೆ ಗಿಡವೂ ಒಂದೇ ಎನ್ನುವುದೂ ಹಾಗೆಯೇ ತಪ್ಪು. ಕಾವ್ಯವನ್ನು ಓದುವ ಶಿಸ್ತಿಲ್ಲದವನು ಈ ಗ್ರಂಥಗಳಲ್ಲಿ ಮದ್ದನ್ನು ಹುಡುಕುವುದು ಆ ಕಾರಣದಿಂದ ಅಪಾಯಕರ.

ಪ್ರಾಚೀನರು ಈ ತೊಡಕನ್ನು ಅರಿಯದವರಾಗಿರಲಿಲ್ಲ. ನರಹರಿ ಪಂಡಿತನ ‘ರಾಜನಿಘಂಟು’ ಸಸ್ಯಗಳಿಗೆ ಹೆಸರು ಬರುವ ಬಗೆಗಳನ್ನು ವಿಂಗಡಿಸುತ್ತದೆ. ರೂಢಿ, ಪ್ರಭಾವ, ದೇಶ್ಯವಾದ ಮಾತು, ಲಾಂಛನ, ಉಪಮೆ, ವೀರ್ಯ ಮತ್ತು ಬೇರೊಂದರ ಹೆಸರನ್ನು ಪಡೆಯುವಿಕೆ ಎಂಬ ಏಳು ನೆಲೆಗಳನ್ನು ಅವನು ಹೇಳುತ್ತಾನೆ. ಇದು ನಾಮಕರಣದ ತತ್ತ್ವವನ್ನು ಕುರಿತ ಗಂಭೀರ ಚಿಂತನೆ. ಇದಕ್ಕಿಂತ ಗಮನಾರ್ಹವಾದುದು ಕನ್ನಡಕ್ಕೆ ಅವನು ಕೊಟ್ಟ ಸ್ಥಾನ. ಸಸ್ಯಗಳ ಗುರುತನ್ನು ಕರ್ಣಾಟ ಮತ್ತು ಮಹಾರಾಷ್ಟ್ರ ಭಾಷೆಗಳಲ್ಲಿ ಸ್ಪಷ್ಟಪಡಿಸಿರುವುದಾಗಿಯೂ ಆಂಧ್ರ, ಲಾಟ ಮುಂತಾದ ಭಾಷೆಗಳ ಹೆಸರುಗಳನ್ನು ಇವೆರಡರ ಆಧಾರದಿಂದ ತಿಳಿಯಬೇಕೆಂದೂ ಅವನು ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ. ಸಂಸ್ಕೃತದ ಹೆಸರು ಅನಿಶ್ಚಿತವಾದಾಗ ಅದನ್ನು ನೆಲಕ್ಕೆ ಕಟ್ಟುವ ಗೂಟವಾಗಿ ಕನ್ನಡದ ಹೆಸರು ಇಲ್ಲಿ ಬಳಕೆಯಾಗಿದೆ. ಮಾರ್ಗ ಮತ್ತು ದೇಸಿಗಳ ಸಂಬಂಧವನ್ನು ಕಾವ್ಯಮೀಮಾಂಸೆಯ ನೆಲೆಯಲ್ಲಿ ಮಾತ್ರ ಚರ್ಚಿಸುವ ರೂಢಿಗೆ ಈ ಒಂದು ಸಂಗತಿ ಹೊಸ ಆಯಾಮವನ್ನು ಕೊಡಬಲ್ಲದು.

ದೇಸಿಯ ಹೆಸರುಗಳಿಗೂ ತಮ್ಮದೇ ಆದ ವ್ಯಾಕರಣವಿದೆ. ನೆಲನೆಲ್ಲಿ, ನೆಲಬೇವು, ನೀರುಬ್ರಾಹ್ಮಿ, ಹುಚ್ಚೆಳ್ಳು ಮುಂತಾದ ಸಮಾಸಗಳಲ್ಲಿ ಪರಿಚಿತವಾದ ಒಂದು ಗಿಡವನ್ನು ಮೊದಲು ಊಹಿಸಿಕೊಂಡು, ಅದಕ್ಕಿಂತ ಇದು ಹೇಗೆ ಭಿನ್ನ ಎಂಬುದನ್ನು ಪೂರ್ವಪದ ಹೇಳುತ್ತದೆ. ನೆಲನೆಲ್ಲಿಯ ಎಲೆಸಾಲು ಮತ್ತು ಪುಟ್ಟ ಕಾಯಿ ನೆಲ್ಲಿಯನ್ನು ಹೋಲುತ್ತವೆ. ಆಧುನಿಕ ಸಸ್ಯವಿಜ್ಞಾನವೂ ಇವೆರಡನ್ನು ಫಿಲಾಂಥಸ್ ಎಂಬ ಒಂದೇ ಕುಲಕ್ಕೆ ಸೇರಿಸಿಕೊಂಡು ಬಂದಿದೆ. ಆದರೆ ನೆಲಬೇವಿಗೂ ಬೇವಿಗೂ ಅಂಥ ಬಂಧುತ್ವವಿಲ್ಲ. ಅಲ್ಲಿ ಹೋಲಿಕೆ ಇರುವುದು ಕಹಿಯಲ್ಲಿ. ಒಂದು ಕಡೆ ರೂಪ, ಇನ್ನೊಂದು ಕಡೆ ರುಚಿ ಹೆಸರಿಗೆ ಆಧಾರವಾಗಿದೆ. ಜನಪದದ ವರ್ಗೀಕರಣವನ್ನು ಲ್ಯಾಟಿನ್ ಹೆಸರಿನ ಅಪೂರ್ಣ ರೂಪವೆಂದು ನೋಡದೆ, ಅದರದೇ ತರ್ಕದಿಂದ ಅರಿಯುವುದು ಪಠ್ಯಶೋಧನೆಯ ಮೊದಲ ಮೆಟ್ಟಿಲು.

3

ಪಠ್ಯದ ಅನಿಶ್ಚಿತತೆ ಪಠ್ಯದಲ್ಲಿಯೇ ಉಳಿಯುವುದಿಲ್ಲ. ಅದು ಅಂಗಡಿಯವರೆಗೆ ಬರುತ್ತದೆ. ಆಯುರ್ವೇದ ವಿದ್ವಾಂಸರು ‘ಸಂದಿಗ್ಧ ದ್ರವ್ಯ’ಗಳೆಂದು ಕರೆಯುವ ಒಂದು ದೊಡ್ಡ ಪಟ್ಟಿಯೇ ಇದೆ. ಬ್ರಾಹ್ಮಿ ಎಂಬ ಹೆಸರಿನಲ್ಲಿ ಕೆಲವೆಡೆ ನೀರುಬ್ರಾಹ್ಮಿಯನ್ನೂ ಕೆಲವೆಡೆ ಒಂದೆಲಗವನ್ನೂ ಬಳಸುತ್ತಾರೆ. ಇವೆರಡೂ ಬೇರೆ ಬೇರೆ ಸಸ್ಯಕುಟುಂಬಗಳಿಗೆ ಸೇರಿದವು. ರಾಸ್ನಾ ಎಂದರೆ ಉತ್ತರ ಭಾರತದಲ್ಲಿ ಒಂದು ಗಿಡ, ಬಂಗಾಳದಲ್ಲಿ ಮರದ ಮೇಲೆ ಬೆಳೆಯುವ ಸೀತಾಳೆ, ದಕ್ಷಿಣದಲ್ಲಿ ದುಂಪರಾಸ್ಮೆಯ ಗಡ್ಡೆ. ಶಂಖಪುಷ್ಪಿ ಎಂಬ ಹೆಸರಿಗೆ ಕನಿಷ್ಠ ನಾಲ್ಕು ಸಸ್ಯಗಳು ಹಕ್ಕುದಾರರಾಗಿವೆ. ಕನ್ನಡದ ನೆಲಬೇವನ್ನೇ ತೆಗೆದುಕೊಂಡರೆ, ಬಯಲುಸೀಮೆಯಲ್ಲಿಯೂ ದೊರೆಯುವ ಆಂಡ್ರೊಗ್ರಾಫಿಸ್ ಗಿಡಕ್ಕೂ ಹಿಮಾಲಯದ ಕಿರಾತತಿಕ್ತಕ್ಕೂ ಅದೊಂದೇ ಹೆಸರು ಪುಸ್ತಕಗಳಲ್ಲಿ ಬಳಕೆಯಾಗಿದೆ. ರಸ್ತೆಬದಿಯಲ್ಲಿ ನೀಳವಾಗಿ ಬೆಳೆಯುವ ಮರವನ್ನು ಅಶೋಕವೆಂದು ಕರೆಯುವ ರೂಢಿಯಿಂದಾಗಿ, ಸ್ತ್ರೀರೋಗಗಳ ಚಿಕಿತ್ಸೆಯಲ್ಲಿ ಬಳಸುವ ನಿಜವಾದ ಅಶೋಕದ ತೊಗಟೆಯ ಬದಲಿಗೆ ಅದರ ತೊಗಟೆ ಮಾರಾಟವಾಗುತ್ತದೆ.

ಇಂಥ ಬದಲಿಗಳಲ್ಲಿ ಕೆಲವನ್ನು ಪರಂಪರೆ ತಾನೇ ಒಪ್ಪಿಕೊಂಡಿದೆ. ಒಂದು ದ್ರವ್ಯ ದೊರೆಯದಿದ್ದಾಗ ಅದರ ಬದಲಿಗೆ ಬಳಸಬಹುದಾದ ‘ಪ್ರತಿನಿಧಿ ದ್ರವ್ಯ’ಗಳ ಪಟ್ಟಿಯನ್ನು ‘ಭಾವಪ್ರಕಾಶ’ದಂಥ ಗ್ರಂಥಗಳು ಕೊಡುತ್ತವೆ. ಆದರೆ ತಿಳಿದು ಮಾಡಿದ ಬದಲಾವಣೆಗೂ ಹೆಸರಿನ ಸಾಮ್ಯದಿಂದ ಆದ ಪಲ್ಲಟಕ್ಕೂ ಅಂತರವಿದೆ. ಮೊದಲನೆಯದರಲ್ಲಿ ವೈದ್ಯನಿಗೆ ತಾನು ಏನು ಕೊಡುತ್ತಿದ್ದೇನೆ ಎಂಬ ಅರಿವಿದೆ. ಎರಡನೆಯದರಲ್ಲಿ ಆ ಅರಿವೇ ಇಲ್ಲ.

ಅರಿವಿಲ್ಲದ ಪಲ್ಲಟದ ಪರಿಣಾಮವನ್ನು ತಿಳಿಯಲು ಬೆಲ್ಜಿಯಂನ ಪ್ರಕರಣವೊಂದು ನೆರವಾಗುತ್ತದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್ ನಗರದಲ್ಲಿ ಮೈತೂಕ ಇಳಿಸುವ ಚಿಕಿತ್ಸೆ ಪಡೆದ ಮಹಿಳೆಯರಲ್ಲಿ ಮೂತ್ರಪಿಂಡಗಳು ಶೀಘ್ರವಾಗಿ ನಿಷ್ಕ್ರಿಯವಾಗತೊಡಗಿದವು. 1993ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇದರ ವರದಿ ಪ್ರಕಟವಾಯಿತು. ಮುಂದೆ ಇಂಥ ರೋಗಿಗಳ ಸಂಖ್ಯೆ ನೂರರ ಆಸುಪಾಸಿಗೆ ಏರಿತು. ಅವರಿಗೆ ಕೊಟ್ಟ ಗುಳಿಗೆಗಳಲ್ಲಿ ಚೀನಾದ ಎರಡು ಮೂಲಿಕೆಗಳಿದ್ದವು. ಅವುಗಳಲ್ಲಿ ಒಂದರ ಹೆಸರು ‘ಫಾಂಗ್‌ಜಿ’. ಸ್ಟಿಫೇನಿಯ ಕುಲದ ಬಳ್ಳಿಗೆ ಸಲ್ಲುವ ಈ ಹೆಸರು ‘ಗುವಾಂಗ್ ಫಾಂಗ್‌ಜಿ’ ಎಂಬ ರೂಪದಲ್ಲಿ ಅರಿಸ್ಟೊಲೋಕಿಯ ಕುಲದ ಮತ್ತೊಂದು ಬಳ್ಳಿಗೂ ಸಲ್ಲುತ್ತದೆ. ಪೂರ್ವಪದವೊಂದು ಕಳಚಿಕೊಂಡುದರಿಂದ ಒಂದು ಗಿಡದ ಜಾಗಕ್ಕೆ ಇನ್ನೊಂದು ಬಂದಿತು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಗಳನ್ನು ನಾಶಮಾಡಿತು; ಕೆಲವು ವರ್ಷಗಳ ನಂತರ ಆ ರೋಗಿಗಳಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕಾಣಿಸಿಕೊಂಡಿತು. ಕನ್ನಡದ ‘ನೆಲ’, ‘ನೀರು’, ‘ಕಾಡು’ ಎಂಬ ಪೂರ್ವಪದಗಳನ್ನು ಲಿಪಿಕಾರನ ಅಥವಾ ಸಂಪಾದಕನ ಅಲಕ್ಷ್ಯ ನುಂಗಿಹಾಕಿದರೆ ಏನಾಗಬಹುದು ಎಂಬುದಕ್ಕೆ ಈ ದೂರದ ಪ್ರಕರಣ ನೇರವಾದ ಎಚ್ಚರಿಕೆ.

4

ಸಸ್ಯ ಮತ್ತು ಆಧುನಿಕ ಔಷಧಗಳ ಸಂಬಂಧವನ್ನು ಹೇಳುವಾಗ ಭಾರತದಲ್ಲಿ ಅತಿ ಹೆಚ್ಚು ಉದಾಹರಿಸಲ್ಪಡುವ ಗಿಡ ಸರ್ಪಗಂಧ. ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿ, ಶಿವನಾಭಿ ಎಂಬ ಹೆಸರುಗಳೂ ಇವೆ. ಸಸ್ಯವಿಜ್ಞಾನದಲ್ಲಿ ಇದು ರಾವೊಲ್ಫಿಯ ಸರ್ಪೆಂಟಿನ. ಕುಲನಾಮ ಭಾರತಕ್ಕೆ ಎಂದೂ ಬಾರದ 16ನೆಯ ಶತಮಾನದ ಜರ್ಮನ್ ವೈದ್ಯನೊಬ್ಬನ ಸ್ಮರಣೆಗಾಗಿ ಬಂದುದು. ಈ ಗಿಡದ ಕಥನವನ್ನು ಸಾಮಾನ್ಯವಾಗಿ ‘ಪ್ರಾಚೀನ ಗ್ರಂಥಗಳ ಜ್ಞಾನವನ್ನು ಪಾಶ್ಚಾತ್ಯ ವಿಜ್ಞಾನ ದೃಢಪಡಿಸಿತು’ ಎಂಬ ಚೌಕಟ್ಟಿನಲ್ಲಿ ಹೇಳಲಾಗುತ್ತದೆ. ಘಟನೆಗಳ ಕ್ರಮವನ್ನು ನೋಡಿದರೆ ಈ ಚೌಕಟ್ಟು ನಿಲ್ಲುವುದಿಲ್ಲ.

ಸಂಹಿತೆಗಳಲ್ಲಿ ಬರುವ ‘ಸರ್ಪಗಂಧಾ’, ‘ನಾಕುಲೀ’ ಎಂಬ ಹೆಸರುಗಳು ಇದೇ ಗಿಡವನ್ನು ಸೂಚಿಸುತ್ತವೆಯೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಈ ಬೇರನ್ನು ಚಿತ್ತವಿಕಾರಕ್ಕೆ ಕೊಡುತ್ತಿದ್ದವರು ಬಿಹಾರ ಮತ್ತು ಬಂಗಾಳದ ಜನಪದ ವೈದ್ಯರು. ಅಲ್ಲಿ ಇದಕ್ಕೆ ಹುಚ್ಚಿನ ಮದ್ದು ಎಂದೇ ಹೆಸರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಉನ್ಮಾದಕ್ಕೂ ಏರಿದ ರಕ್ತದೊತ್ತಡಕ್ಕೂ ಈ ಬೇರು ಉಪಯುಕ್ತವೆಂದು ಬರೆದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನ ಸಂಶೋಧನಾಲಯದಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಅವರು ಇದರ ಕ್ಷಾರಾಭಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಒಂದಕ್ಕೆ ಹಕೀಂ ಅಜ್ಮಲ್ ಖಾನರ ಸ್ಮರಣಾರ್ಥವಾಗಿ ಅಜ್ಮಲಿನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರು 50 ರೋಗಿಗಳ ಮೇಲೆ ನಡೆಸಿದ ಅಧ್ಯಯನವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ರೆಸರ್ಪಿನ್ ಎಂಬ ಕ್ಷಾರಾಭವನ್ನು ಬೇರ್ಪಡಿಸಿದರು. 1954ರಲ್ಲಿ ಅಮೆರಿಕದ ನೇಥನ್ ಕ್ಲೈನ್ ಮನೋರೋಗಿಗಳಲ್ಲಿ ಅದರ ಪರಿಣಾಮವನ್ನು ವರದಿಮಾಡಿದರು.

ಈ ಕ್ರಮದಲ್ಲಿ ಮೂಲ ಆಕರ ಗ್ರಂಥವಲ್ಲ, ಬರವಣಿಗೆಯ ಹೊರಗೆ ಉಳಿದಿದ್ದ ಜನರ ಬಳಕೆ. ಅದನ್ನು ಮೊದಲು ಪರೀಕ್ಷೆಗೆ ಒಳಪಡಿಸಿದವರು ಪಾಶ್ಚಾತ್ಯರಲ್ಲ, ಭಾರತೀಯ ವೈದ್ಯರು ಮತ್ತು ರಸಾಯನಶಾಸ್ತ್ರಜ್ಞರು. ಎರಡು ನಿರ್ಣಾಯಕ ಪಾತ್ರಗಳನ್ನು ಪ್ರಚಲಿತ ಕಥನ ಬದಿಗೆ ಸರಿಸುತ್ತದೆ. ಮತ್ತೊಂದು ಅಂಶವನ್ನೂ ಇಲ್ಲಿ ಗಮನಿಸಬೇಕು. ಏರಿದ ರಕ್ತದೊತ್ತಡ ಬಹುಪಾಲು ರೋಗಿಗಳಲ್ಲಿ ಯಾವ ಲಕ್ಷಣವನ್ನೂ ತೋರದ ಸ್ಥಿತಿ. 1896ರಲ್ಲಿ ಇಟಲಿಯ ರಿವಾ ರೊಚ್ಚಿ ತೋಳಿಗೆ ಪಟ್ಟಿ ಬಿಗಿದು ಒತ್ತಡವನ್ನು ಅಳೆಯುವ ಸಾಧನವನ್ನು ರೂಪಿಸಿದ ನಂತರವೇ ಅದು ವೈದ್ಯರ ದಿನಬಳಕೆಯ ಕಣ್ಣಿಗೆ ಬಿದ್ದಿತು. ಅಳತೆಯಿಂದಲೇ ಅಸ್ತಿತ್ವಕ್ಕೆ ಬರುವ ರೋಗಕ್ಕೆ ಹಳೆಯ ಗ್ರಂಥದಲ್ಲಿ ಮದ್ದನ್ನು ಕಂಡೆವೆನ್ನುವುದು ರೋಗ ಮತ್ತು ಗ್ರಂಥ ಎರಡನ್ನೂ ತಪ್ಪಾಗಿ ಓದಿದಂತೆ.

ರೆಸರ್ಪಿನ್‌ನ ಮುಂದಿನ ಚರಿತ್ರೆಯೂ ವಿಜಯದ ಸರಳರೇಖೆಯಲ್ಲ. ಅದನ್ನು ಸೇವಿಸಿದ ಕೆಲವು ರೋಗಿಗಳಲ್ಲಿ ಖಿನ್ನತೆ ಕಾಣಿಸಿಕೊಂಡಿತೆಂಬ ವರದಿಗಳು ಬಂದವು. ಹೆಚ್ಚು ಸುರಕ್ಷಿತವಾದ ಔಷಧಗಳು ಬಂದಂತೆ ಅದರ ಬಳಕೆ ಕುಗ್ಗಿತು. ಆದರೆ ಅದು ಮಿದುಳಿನಲ್ಲಿ ಸೆರೊಟೊನಿನ್, ಡೋಪಮಿನ್ ಮುಂತಾದ ವಾಹಕ ದ್ರವ್ಯಗಳನ್ನು ಬರಿದುಮಾಡುತ್ತದೆ ಎಂಬ ಅರಿವು ನರವಿಜ್ಞಾನಕ್ಕೆ ಹೊಸ ದಾರಿ ತೋರಿತು. ರೆಸರ್ಪಿನ್ ಕೊಟ್ಟು ನಿಶ್ಚಲಗೊಳಿಸಿದ ಮೊಲಗಳು ಎಲ್-ಡೋಪಾದಿಂದ ಚೇತರಿಸಿಕೊಂಡುದನ್ನು 1957ರಲ್ಲಿ ಅರ್ವಿಡ್ ಕಾರ್ಲ್ಸನ್ ತೋರಿಸಿದರು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ ಅದು ಬುನಾದಿಯಾಯಿತು; 2000ದಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಬಿಹಾರದ ಹಳ್ಳಿಯ ವೈದ್ಯನ ಬೇರು ಕೊಟ್ಟ ದೊಡ್ಡ ಕೊಡುಗೆ ಒಂದು ಗುಳಿಗೆಗಿಂತ ಮಿದುಳನ್ನು ಕುರಿತ ಒಂದು ತಿಳಿವಳಿಕೆ. ‘ದೃಢಪಡಿಸಿತು’ ಎಂಬ ಪದ ಈ ಸಂಬಂಧದ ಸಂಕೀರ್ಣತೆಯನ್ನು ಹಿಡಿಯಲಾರದು.

ಗಿಡ ಮಾತ್ರ ಇದಕ್ಕೆ ಬೆಲೆ ತೆತ್ತಿತು. ಬೇರಿಗಾಗಿ ಕಿತ್ತರೆ ಗಿಡವೇ ಇಲ್ಲವಾಗುತ್ತದೆ. ಇಂದು ಸರ್ಪಗಂಧ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಔಷಧೋದ್ಯಮ ಆಫ್ರಿಕದ ಬೇರೊಂದು ರಾವೊಲ್ಫಿಯದ ಕಡೆಗೆ ತಿರುಗಿತು. ದಕ್ಷಿಣ ಭಾರತದ ಮಾರುಕಟ್ಟೆಯಲ್ಲಿ ಅಮೆರಿಕ ಮೂಲದ ರಾವೊಲ್ಫಿಯ ಟೆಟ್ರಾಫಿಲ್ಲ ಸರ್ಪಗಂಧದ ಹೆಸರಿನಲ್ಲಿ ಬೆರಕೆಯಾಗುತ್ತದೆ. ಗಿಡ ವಿರಳವಾದಂತೆ ಹೆಸರು ಮತ್ತೊಂದು ಗಿಡಕ್ಕೆ ವಲಸೆ ಹೋಗುತ್ತದೆ ಎಂಬುದಕ್ಕೆ ಇದು ಇಂದಿನ ನಿದರ್ಶನ. ಪ್ರಾಚೀನ ಪಠ್ಯಗಳಲ್ಲಿ ಒಂದೇ ಹೆಸರಿಗೆ ಹಲವು ಗಿಡಗಳಿರುವುದಕ್ಕೂ ಇಂಥ ಕಾರಣಗಳು ಇದ್ದಿರಬಹುದೆಂಬುದನ್ನು ಸಂಪಾದಕರು ನೆನಪಿನಲ್ಲಿಡಬೇಕು.

5

ಪಠ್ಯವನ್ನೇ ಆಧರಿಸಿ ಹೊಸ ಔಷಧಕ್ಕೆ ತಲುಪಿದ ಪ್ರಸಿದ್ಧ ನಿದರ್ಶನ ಚೀನಾದ ತು ಯುಯು ಅವರದು. ಮಲೇರಿಯಕ್ಕೆ ಮದ್ದು ಹುಡುಕಲು 1967ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಅವರ ತಂಡ ನೂರಾರು ಸಾಂಪ್ರದಾಯಿಕ ಮೂಲಿಕೆಗಳ ಸಾರಗಳನ್ನು ಪರೀಕ್ಷಿಸಿತು. ‘ಚಿಂಗ್‌ಹಾವ್’ ಎಂಬ ಗಿಡದ ಸಾರ ಒಮ್ಮೆ ಫಲ ಕೊಟ್ಟು ಮತ್ತೊಮ್ಮೆ ಕೊಡದೆ ಹೋಯಿತು. ಆಗ ಅವರು 4ನೆಯ ಶತಮಾನದ ಗೆ ಹೊಂಗ್ ರಚಿಸಿದ ತುರ್ತುಚಿಕಿತ್ಸೆಯ ಗ್ರಂಥಕ್ಕೆ ಮರಳಿದರು. ಅಲ್ಲಿ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನು ಕುಡಿಯಬೇಕೆಂದು ಹೇಳಿದೆ, ಕುದಿಸುವ ಮಾತಿಲ್ಲ. ಬಿಸಿಯಿಂದ ಗುಣ ನಾಶವಾಗುತ್ತಿರಬಹುದೆಂದು ಊಹಿಸಿದ ಅವರು ಕಡಮೆ ತಾಪದಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ ಆ ಸಾರ ಇಲಿಗಳ ಮಲೇರಿಯದ ಮೇಲೆ ಪೂರ್ಣ ಪರಿಣಾಮ ತೋರಿತು. ಆರ್ಟೆಮಿಸಿನಿನ್ ಹೀಗೆ ದೊರೆಯಿತು. 2015ರಲ್ಲಿ ತು ಯುಯು ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ಇಲ್ಲಿ ಫಲಕೊಟ್ಟುದು ಗ್ರಂಥದ ಮೇಲಿನ ಭಕ್ತಿಯಲ್ಲ, ಓದಿನ ಸೂಕ್ಷ್ಮತೆ. ಮೂಲಿಕೆಯ ಹೆಸರು ಎಲ್ಲರಿಗೂ ತಿಳಿದಿತ್ತು, ನಿರ್ಣಾಯಕವಾದುದು ಕ್ರಿಯಾಪದ. ಜೊತೆಗೆ ಹೆಸರಿನ ತೊಡಕೂ ಅಲ್ಲಿತ್ತು. ಆ ಹೆಸರಿನಿಂದ ಕರೆಯುತ್ತಿದ್ದ ಒಂದಕ್ಕಿಂತ ಹೆಚ್ಚು ಗಿಡಗಳಲ್ಲಿ ಆರ್ಟೆಮಿಸಿನಿನ್ ಇರುವುದು ಆರ್ಟೆಮಿಸಿಯ ಆನುಅ ಎಂಬ ಪ್ರಭೇದದಲ್ಲಿ ಎಂಬುದನ್ನು ಪ್ರಯೋಗಾಲಯವೇ ನಿರ್ಧರಿಸಬೇಕಾಯಿತು. ಪಠ್ಯ ಮತ್ತು ಪ್ರಯೋಗ ಒಂದನ್ನೊಂದು ತಿದ್ದಿದವು.

ಆಯುರ್ವೇದವು ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂದು ಐದು ಬಗೆಯ ಮೂಲ ಕಲ್ಪನೆಗಳನ್ನು ಹೇಳುತ್ತದೆ. ಹಿಂಡಿದ ರಸ, ಅರೆದ ಮುದ್ದೆ, ಕುದಿಸಿ ಇಳಿಸಿದ ಕಷಾಯ, ತಣ್ಣೀರಿನಲ್ಲಿ ನೆನೆಸಿದ್ದು, ಬಿಸಿನೀರಿನಲ್ಲಿ ನೆನೆಸಿದ್ದು ಎಂಬ ಈ ಭೇದ ಕನ್ನಡ ಗ್ರಂಥಗಳಿಗೂ ಸಂದ ಪರಂಪರೆ. ಅರೆ, ಹಿಂಡು, ಕುದಿಸು, ನೆನೆಯಿಡು, ಸೋಸು ಎಂಬ ಕ್ರಿಯಾಪದಗಳು ಅಡಿಗೆಮನೆಯ ಮಾತುಗಳಂತೆ ಕಂಡರೂ ಅವು ವೈದ್ಯದ ಪರಿಭಾಷೆಗಳು. ಗದ್ಯಾನುವಾದಗಳಲ್ಲಿ ‘ಔಷಧವಾಗಿ ಬಳಸಬೇಕು’ ಎಂದು ಸಾರಾಂಶಗೊಳಿಸುವಾಗ ಮೊದಲು ಕಳೆದುಹೋಗುವುದು ಈ ಕ್ರಿಯೆಗಳೇ. ಗೆ ಹೊಂಗನ ಮಾತನ್ನೂ ಯಾರಾದರೂ ಹಾಗೆ ಸಾರಾಂಶಗೊಳಿಸಿದ್ದರೆ ತು ಯುಯು ಅವರಿಗೆ ಅದರಿಂದ ಏನೂ ದೊರೆಯುತ್ತಿರಲಿಲ್ಲ.

6

ಹೆಸರು ಸರಿಯಾಗಿದ್ದು ಗಿಡವೂ ಸರಿಯಾಗಿದ್ದರೆ ಪರಂಪರೆಯ ಮಾತು ಪ್ರಮಾಣವಾಗುತ್ತದೆಯೇ ಎಂಬುದು ಉಳಿಯುವ ಪ್ರಶ್ನೆ. ಈಶ್ವರಿ ಬಳ್ಳಿಯ ಉದಾಹರಣೆ ಇಲ್ಲಿ ಪ್ರಸ್ತುತ. ಹಾವಿನ ವಿಷಕ್ಕೆ ಮದ್ದೆಂದು ಭಾರತದಾದ್ಯಂತ ಹೆಸರಾದ ಈ ಬಳ್ಳಿಯ ಗುರುತಿನಲ್ಲಿ ಸಂದೇಹವಿಲ್ಲ. ಅದು ಅರಿಸ್ಟೊಲೋಕಿಯ ಇಂಡಿಕ. ಬೆಲ್ಜಿಯಂನ ರೋಗಿಗಳನ್ನು ಬಾಧಿಸಿದ ಅರಿಸ್ಟೊಲೋಕಿಕ್ ಆಮ್ಲ ಇದರಲ್ಲಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಕುಲದ ಸಸ್ಯಗಳುಳ್ಳ ಮೂಲಿಕೆಮದ್ದುಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ದ್ರವ್ಯಗಳ ಮೊದಲ ಗುಂಪಿಗೆ ಸೇರಿಸಿದೆ. ಶತಮಾನಗಳ ಬಳಕೆ ಈ ಹಾನಿಯನ್ನು ಏಕೆ ಕಾಣಲಿಲ್ಲ? ಅನುಭವ ಕೂಡಲೇ ಆಗುವ ಪರಿಣಾಮವನ್ನು ಗುರುತಿಸಬಲ್ಲದು. ವಾಂತಿ, ಭೇದಿ, ಮೂರ್ಛೆಗಳನ್ನು ವೈದ್ಯನು ಕಾಣುತ್ತಾನೆ. ಬೇರು ತಿಂದ ಹಲವು ವರ್ಷಗಳ ನಂತರ ಬರುವ ಕ್ಯಾನ್ಸರಿಗೂ ಆ ಬೇರಿಗೂ ಇರುವ ನಂಟನ್ನು ಒಬ್ಬ ವೈದ್ಯನ ಆಯುಷ್ಯದ ಅನುಭವ ಕಾಣಲಾರದು. ಇದು ಪರಂಪರೆಯ ಅಜ್ಞಾನವಲ್ಲ. ಅನುಭವವೆಂಬ ಪ್ರಮಾಣಕ್ಕೇ ಇರುವ ಮಿತಿ. ‘ಸಾವಿರ ವರ್ಷಗಳಿಂದ ಬಳಸಿದ್ದಾರೆ, ಆದ್ದರಿಂದ ನಿರಪಾಯ’ ಎಂಬ ಮಾತು ಈ ಮಿತಿಯನ್ನು ಮರೆಯುತ್ತದೆ.

ಗಿಡದ ಹೆಸರಿನಂತೆ ರೋಗದ ಹೆಸರೂ ಜಾರುವಂಥದು. ಕಾಮಾಲೆಗೆ ನೆಲನೆಲ್ಲಿ ಕೊಡುವುದು ಕರ್ನಾಟಕದಲ್ಲಿ ವ್ಯಾಪಕವಾದ ರೂಢಿ. 1988ರಲ್ಲಿ ಮದರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವೈರಾಣುವನ್ನು ಹೊತ್ತವರಲ್ಲಿ ಇದು ಆಶಾದಾಯಕ ಫಲ ಕೊಟ್ಟಿತೆಂದು ‘ಲ್ಯಾನ್ಸೆಟ್’ನಲ್ಲಿ ವರದಿಮಾಡಿದರು. ಬೇರೆಡೆ ನಡೆದ ಮುಂದಿನ ಪ್ರಯೋಗಗಳಲ್ಲಿ ಅಂಥ ಫಲ ದೊರೆಯಲಿಲ್ಲ. ಬಳಸಿದ ಪ್ರಭೇದ ಒಂದೇ ಆಗಿತ್ತೇ ಎಂಬ ಚರ್ಚೆಯೂ ನಡೆಯಿತು. ಕಾಮಾಲೆ ಎಂಬುದು ಒಂದು ರೋಗವಲ್ಲ, ಹಲವು ರೋಗಗಳಿಗೆ ಸಮಾನವಾದ ಲಕ್ಷಣ. ಅವುಗಳಲ್ಲಿ ಹೆಪಟೈಟಿಸ್ ಎ ಬಹುಪಾಲು ಜನರಲ್ಲಿ ತಾನಾಗಿಯೇ ಗುಣವಾಗುತ್ತದೆ. ಆಗ ಕೀರ್ತಿ ಗಿಡಕ್ಕೆ ಸಲ್ಲುತ್ತದೆ. ಪಿತ್ತನಾಳ ಕಟ್ಟಿಕೊಂಡು ಬಂದ ಕಾಮಾಲೆಯಲ್ಲಿ ಗಿಡವನ್ನೇ ನೆಚ್ಚಿ ಕಳೆದ ದಿನಗಳು ರೋಗಿಗೆ ಮುಳುವಾಗುತ್ತವೆ. ಗ್ರಂಥದ ‘ಕಾಮಾಲೆ’, ‘ಉನ್ಮಾದ’, ‘ಜ್ವರ’ಗಳನ್ನು ಇಂದಿನ ಒಂದೊಂದು ರೋಗನಾಮಕ್ಕೆ ಸಮೀಕರಿಸುವ ಪದಕೋಶಗಳು ಈ ಅಪಾಯವನ್ನು ಹೆಚ್ಚಿಸುತ್ತವೆ.

7

ಈ ಹಿನ್ನೆಲೆಯಲ್ಲಿ ಕನ್ನಡ ವೈದ್ಯಗ್ರಂಥಗಳ ಸಂಪಾದನೆ ಮತ್ತು ಅಧ್ಯಯನ ಹೇಗಿರಬೇಕೆಂಬುದನ್ನು ಕುರಿತು ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಸಸ್ಯನಾಮಗಳ ಪಾಠಾಂತರಗಳನ್ನು ಲಿಪಿಕಾರನ ಸ್ಖಾಲಿತ್ಯಗಳೆಂದು ಬಿಡದೆ ಪೂರ್ಣವಾಗಿ ದಾಖಲಿಸಬೇಕು. ಎರಡನೆಯದಾಗಿ, ಕವಿ ಹೇಳಿದ ಹೆಸರು ಮತ್ತು ಸಂಪಾದಕ ಮಾಡಿದ ಗುರುತು ಇವೆರಡನ್ನೂ ಬೇರೆಬೇರೆಯಾಗಿ ಇಡಬೇಕು. ಸಂಸ್ಕೃತದ ಒಂದು ಹೆಸರಿಗೆ ಲ್ಯಾಟಿನ್ನಿನ ಒಂದು ಹೆಸರನ್ನು ಸಮನಾಗಿಸುವ ಅನುಬಂಧಗಳು ಇಲ್ಲದ ನಿಶ್ಚಿತತೆಯನ್ನು ಸೃಷ್ಟಿಸುತ್ತವೆ. ಗುರುತಿಗೆ ಆಧಾರವೇನು, ಎಷ್ಟು ಸಂದೇಹ ಉಳಿದಿದೆ ಎಂಬುದನ್ನು ಹೇಳುವುದು ಪಾಂಡಿತ್ಯದ ಕೊರತೆಯಲ್ಲ. ಮೂರನೆಯದಾಗಿ, ತಯಾರಿಕೆಯ ಕ್ರಿಯೆಗಳನ್ನೂ ಅಳತೆಗಳನ್ನೂ ಅನುವಾದದಲ್ಲಿ ಚಾಚೂ ತಪ್ಪದೆ ಉಳಿಸಿಕೊಳ್ಳಬೇಕು. ನಾಲ್ಕನೆಯದಾಗಿ, ಹಾನಿಕರವೆಂದು ಈಗ ತಿಳಿದಿರುವ ಸಸ್ಯಗಳ ಬಗ್ಗೆ ಟಿಪ್ಪಣಿಯಲ್ಲಿ ಎಚ್ಚರಿಕೆ ಇರಬೇಕು. ಈ ಪುಸ್ತಕಗಳನ್ನು ವಿದ್ವಾಂಸರಲ್ಲದೆ ರೋಗಿಗಳೂ ಓದುತ್ತಾರೆ.

ಇಂಥ ಕಾರ್ಯಕ್ಕೆ ಮಾದರಿಗಳು ಇಲ್ಲದಿಲ್ಲ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಂನಲ್ಲಿ 12 ಸಂಪುಟಗಳಲ್ಲಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನ ಹೆಸರಿನಲ್ಲಿದ್ದರೂ, ಅದರ ಜ್ಞಾನದ ಆಧಾರ ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ಮಾತಿನ ಮೂವರು ಪಂಡಿತರು. ಚಿತ್ರ, ಸ್ಥಳೀಯ ಲಿಪಿಗಳಲ್ಲಿ ಹೆಸರು ಮತ್ತು ಬಳಕೆ ಈ ಮೂರನ್ನೂ ಒಟ್ಟಿಗೆ ಇಟ್ಟುದರಿಂದ ಮೂರು ಶತಮಾನಗಳ ನಂತರವೂ ಅಲ್ಲಿನ ಗಿಡಗಳನ್ನು ಗುರುತಿಸಲು ಸಾಧ್ಯವಾಗಿದೆ. ಕನ್ನಡದ ವೈದ್ಯಪದ್ಯಗಳಿಗೆ ಚಿತ್ರಗಳ ಈ ಆಸರೆಯಿಲ್ಲ. ಆದರೆ ನೆಲದ ಗಿಡಗಳ ಶಾಸ್ತ್ರೀಯ ದಾಖಲೆ ಇದೆ. ಸಿಸಿಲ್ ಸಲ್ಡಾನ ಮತ್ತು ಡಾನ್ ನಿಕಲ್ಸನ್ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪುಟ, 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನ ಕಲೆಹಾಕಿದ ಮಾಹಿತಿ ಇವೆಲ್ಲ ಸಂಪಾದಕನ ಕೈಗೆಟುಕುವ ಸಾಮಗ್ರಿಗಳು. ಸಸ್ಯವಿಜ್ಞಾನಿಯ ಕಣ್ಣು ಮತ್ತು ಕನ್ನಡ ಗದ್ಯ ಒಂದಾದರೆ ಏನಾಗಬಲ್ಲದು ಎಂಬುದನ್ನು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತೋರಿಸಿಕೊಟ್ಟಿದೆ. ಗಿಡವನ್ನು ಕಾಡಿನಲ್ಲಿ ಕಂಡು, ಗೆರೆಗಳಲ್ಲಿ ಬಿಡಿಸಿ, ಊರಿನವರ ಬಾಯಿಂದ ಹೆಸರು ಕೇಳಿ, ಹಳೆಯ ಕಾವ್ಯಗಳಲ್ಲಿ ಅದರ ಜಾಡು ಹುಡುಕುವ ಆ ಕ್ರಮ ವೈದ್ಯಗ್ರಂಥಗಳ ಸಂಪಾದನೆಗೂ ಸಲ್ಲುವಂಥದು.

ಪಠ್ಯಗಳು ಕಾನೂನಿನ ನೆಲೆಯಲ್ಲಿಯೂ ಸಾಕ್ಷ್ಯಗಳಾಗಿವೆ. ಗಾಯ ಮಾಯಿಸಲು ಅರಿಸಿನ ಬಳಸುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟು, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಹಳೆಯ ಮುದ್ರಿತ ಆಧಾರಗಳನ್ನು ಮುಂದಿಟ್ಟುದರಿಂದ 1997ರಲ್ಲಿ ರದ್ದಾಯಿತು. ಅರಿಸಿನದ ಗುರುತಿನಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಸಂದಿಗ್ಧ ದ್ರವ್ಯವೊಂದರ ವಿಷಯದಲ್ಲಿ ಇಂಥ ವ್ಯಾಜ್ಯ ಎದ್ದರೆ, ಅಸ್ಪಷ್ಟವಾಗಿ ಸಂಪಾದಿತವಾದ ಗ್ರಂಥದ ಸಾಕ್ಷ್ಯ ನಿಲ್ಲುವುದು ಕಷ್ಟ.

‘ಖಗೇಂದ್ರಮಣಿದರ್ಪಣ’ ವಿಷವನ್ನು ಸ್ಥಾವರ, ಜಂಗಮ ಎಂಬ ಭೇದದಿಂದ ನೋಡುವ ಪರಂಪರೆಗೆ ಸೇರಿದ ಕೃತಿ. ಅಲ್ಲಿ ಸಸ್ಯ ಮದ್ದೂ ಹೌದು, ವಿಷವೂ ಹೌದು. ಗಿಡವೆಂದ ಮಾತ್ರಕ್ಕೆ ಸೌಮ್ಯ ಎಂಬ ಇಂದಿನ ಭಾವನೆಗೆ ಮಂಗರಾಜನಲ್ಲಿ ಎಡೆಯಿಲ್ಲ. ಯಾವ ಗಿಡ, ಯಾವ ಭಾಗ, ಎಷ್ಟು, ಯಾರಿಗೆ, ಯಾವ ಹೊತ್ತಿನಲ್ಲಿ ಎಂಬ ವಿವೇಕವೇ ಮದ್ದನ್ನೂ ವಿಷವನ್ನೂ ಬೇರ್ಪಡಿಸುತ್ತದೆ. ಈ ಗ್ರಂಥಗಳಿಂದ ಇಂದಿನವರು ಪಡೆಯಬೇಕಾದ ಮೊದಲ ಪಾಠ ಯಾವುದೋ ಒಂದು ಯೋಗವಲ್ಲ, ಈ ವಿವೇಕ. ಅದನ್ನು ಪಡೆಯಬೇಕಾದರೆ ಅವುಗಳನ್ನು ಹೊಗಳುವುದಕ್ಕೆ ಮೊದಲು ಓದಬೇಕು. ಓದುವುದಕ್ಕೆ ಮೊದಲು ಅಲ್ಲಿಯ ಹೆಸರುಗಳು ಯಾವ ಗಿಡಗಳವು ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಹೇಳಬಲ್ಲ ಹಳ್ಳಿಯ ವೈದ್ಯರೂ, ಉತ್ತರವಾಗಿ ನಿಲ್ಲಬಲ್ಲ ಕಾಡಿನ ಗಿಡಗಳೂ ಕಡಮೆಯಾಗುತ್ತಿರುವ ಕಾಲದಲ್ಲಿ ಈ ಕಾರ್ಯ ಮುಂದಿನ ತಲೆಮಾರಿಗೆ ಬಿಡಬಹುದಾದುದಲ್ಲ.